ಕಾರು ತಗ್ಗಿಸೋ ಮುಂಚೆ ಸ್ಪ್ರಿಂಗ್ ಲೆಕ್ಕ

ಸ್ಪೋರ್ಟ್ಸ್ ಕಾರು ಅಂದ್ರೆ ನೆಲಕ್ಕೆ ಅಂಟಿಕೊಂಡಂತಿರಬೇಕು, ಸ್ಪ್ರಿಂಗ್ ಕಲ್ಲಿನಂತಿರಬೇಕು ಅಂತ ಬಹಳ ಜನ ನಂಬಿದ್ದಾರೆ. ನನ್ನ ಪ್ರಕಾರ ಇಲ್ಲಿ ಎರಡು ಬೇರೆ ವಿಷಯಗಳು ಬೆರೆತುಹೋಗಿವೆ: ಕಾರಿನ ಎತ್ತರ ಮತ್ತು ಸ್ಪ್ರಿಂಗಿನ ಗಡಸುತನ.

ಸಣ್ಣ ಲೆಕ್ಕ ಹಾಕೋಣ. ಒಂದು ಸ್ಪ್ರಿಂಗ್ ಮೇಲೆ 300 ಕೆ.ಜಿ. ಭಾರ ಇದೆ. ಪ್ರತಿ 3 ಕೆ.ಜಿ.ಗೆ 1 ಮಿ.ಮೀ. ಕುಗ್ಗಿದ್ರೆ, ಒಟ್ಟು 100 ಮಿ.ಮೀ. ಕುಗ್ಗಿ ನಿಲ್ಲುತ್ತೆ. ಅಷ್ಟೇ ಉದ್ದದ, ಎರಡು ಪಟ್ಟು ಗಡಸು ಸ್ಪ್ರಿಂಗ್ ಹಾಕಿದ್ರೆ? 50 ಮಿ.ಮೀ. ಮಾತ್ರ ಕುಗ್ಗುತ್ತೆ. ಅಂದ್ರೆ ಕಾರು ತಗ್ಗೋದಿಲ್ಲ, ಮೇಲೇಳುತ್ತೆ! ಅದಕ್ಕೇ ಕಾರು ತಗ್ಗಿಸುವ ಸ್ಪ್ರಿಂಗಿನ ಉದ್ದವನ್ನೇ ಕಡಿಮೆ ಮಾಡಿರ್ತಾರೆ.

ಹಾಗಾದ್ರೆ ಗಡಸು ಯಾಕೆ? ಕಾರು ತಗ್ಗಿದ್ರೆ ಗುರುತ್ವ ಕೇಂದ್ರವೂ ಕೆಳಗಿಳಿದು ತಿರುವಿನಲ್ಲಿ ವಾಲೋದು ಕಡಿಮೆಯಾಗುತ್ತೆ. ಇದು ಲಾಭ. ಆದರೆ ಚಕ್ರ ಮೇಲೇಳಲು ಇದ್ದ ಜಾಗವೂ ಕಡಿಮೆಯಾಗುತ್ತೆ. 70 ಮಿ.ಮೀ. ಇದ್ದ ಕಡೆ 30 ತಗ್ಗಿಸಿದ್ರೆ ಉಳಿಯೋದು 40. ಹಳೇ ಮೆತ್ತನೆಯ ಸ್ಪ್ರಿಂಗ್ ಇದ್ರೆ ಪ್ರತಿ ಹಂಪಿಗೂ ಸಸ್ಪೆನ್ಷನ್ ಕೊನೆಯ ರಬ್ಬರಿಗೆ ಗುದ್ದುತ್ತೆ. ಅದನ್ನು ತಡೆಯೋಕೆ ಗಡಸುತನ ಬೇಕು.

ಗಡಸುತನ ಬಹಳ ಸೂಕ್ಷ್ಮ. 12 ಮಿ.ಮೀ. ದಪ್ಪದ ತಂತಿಯ ಬದಲು 13 ಹಾಕಿದ್ರೆ, ಉಳಿದದ್ದೆಲ್ಲ ಹಾಗೇ ಇದ್ರೂ ಸ್ಪ್ರಿಂಗ್ ಸುಮಾರು 38% ಗಡಸಾಗುತ್ತೆ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದನ್ನು ಕತ್ತರಿಸಿದ್ರೆ 20%. ಕಡಿಮೆ ಖರ್ಚು ಅಂತ ಕತ್ತರಿಸೋಕೆ ಮಾತ್ರ ಹೋಗಬೇಡಿ. ಕತ್ತರಿಸಿದ ತುದಿ ತನ್ನ ಜಾಗದಲ್ಲಿ ಸರಿಯಾಗಿ ಕೂರೋದಿಲ್ಲ. ಚಕ್ರ ಕೆಳಗೆ ಜೋತಾಗ ಸ್ಪ್ರಿಂಗ್ ಕಳಚಿಕೊಳ್ಳಲೂಬಹುದು.

ಅತಿ ಗಡಸಾದ್ರೆ ನೋಯೋದು ಬೆನ್ನು ಮಾತ್ರ ಅಲ್ಲ. ಉಬ್ಬುತಗ್ಗಿನ ರಸ್ತೆಯಲ್ಲಿ ಟೈರು ನೆಲ ಬಿಟ್ಟು ಎಗರುತ್ತೆ. ನೆಲ ಬಿಟ್ಟ ಟೈರಿಗೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ.

1962ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಲೋಟಸ್ ಎಲಾನ್ ನೋಡಿ. ಕಾಲಿನ್ ಚಾಪ್‌ಮನ್ ಅವರ ಕಂಪನಿಯ ಈ ಪುಟ್ಟ ಕಾರು 700 ಕೆ.ಜಿ.ಯೊಳಗಿತ್ತು. ಸ್ಪ್ರಿಂಗ್ ಮೆತ್ತಗಿತ್ತು, ಅದರ ಕುಣಿತ ಹಿಡಿದಿಡೋಕೆ ತಕ್ಕ ಶಾಕ್ ಅಬ್ಸಾರ್ಬರ್ ಇತ್ತು. ತಿರುವಿನಲ್ಲಿ ಅದರ ಚುರುಕನ್ನು ಕಾರುಪ್ರಿಯರು ಇವತ್ತಿಗೂ ಹೊಗಳ್ತಾರೆ.

ಹಾಗಾಗಿ ಗ್ಯಾರೇಜಿನಲ್ಲಿ ದುಡ್ಡು ಕೊಡೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ: ಎಷ್ಟು ತಗ್ಗುತ್ತೆ? ಎಷ್ಟು ಗಡಸಾಗುತ್ತೆ? ಚಕ್ರಕ್ಕೆ ಎಷ್ಟು ಜಾಗ ಉಳಿಯುತ್ತೆ? ಈಗಿರೋ ಶಾಕ್ ಅಬ್ಸಾರ್ಬರ್ ಇದಕ್ಕೆ ಹೊಂದುತ್ತಾ? ಇವಕ್ಕೆ ಅಂಕಿಯಲ್ಲಿ ಉತ್ತರ ಸಿಗದಿದ್ರೆ, ಕಂಪನಿ ಕೊಟ್ಟ ಸ್ಪ್ರಿಂಗೇ ಇರಲಿ ಬಿಡಿ.