ಕೂಸು ನೋಡೋಕೆ ಹೊರಟಿರಾ? ಮೊದಲು ಕೈ ತೊಳೆಯಿರಿ

ನೆಂಟರ ಪೈಕಿ ಯಾರಿಗೋ ಬೀರೂರಿನ ನರ್ಸಿಂಗ್ ಹೋಮ್‌ನಲ್ಲಿ ಹೆರಿಗೆಯಾಯಿತು ಅಂದುಕೊಳ್ಳಿ. ಸುದ್ದಿ ಬಂದದ್ದೇ ತಡ, ಕಡೂರಿನಿಂದ ಚಿಕ್ಕಮ್ಮ, ತರೀಕೆರೆಯಿಂದ ಅತ್ತಿಗೆ, ಅಜ್ಜಂಪುರದಿಂದ ಅಜ್ಜಿ, ಜೊತೆಗೆ ನೆಗಡಿ ಹಿಡಿದ ಮೊಮ್ಮಗ! ಬಸ್ಸು, ರೈಲಿನ ಕಂಬಿ ಹಿಡಿದು ಬಂದ ಕೈಯಲ್ಲೇ ಕೂಸನ್ನು ಎತ್ತಿಕೊಂಡು ಕೆನ್ನೆಗೊಂದು ಮುತ್ತು. ನಮ್ಮ ಪ್ರೀತಿಯೇನೋ ನಿಜ. ಆದರೆ ಹಸುಗೂಸಿಗೆ ಸೋಂಕು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲವಲ್ಲ?

ಕೈ ತೊಳೆಯುವುದು ಸಣ್ಣ ವಿಷಯ ಅನ್ನಬೇಡಿ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು. ಶವಪರೀಕ್ಷೆ ಮಾಡಿದ ವೈದ್ಯರು ಅದೇ ಕೈಯಲ್ಲಿ ಹೆರಿಗೆ ಮಾಡಿಸುತ್ತಿದ್ದುದನ್ನು ಡಾ. ಸೆಮ್ಮೆಲ್‌ವೈಸ್ ಗಮನಿಸಿ, ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಲು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿಯಿತು!

ಸೋಪು ಹಚ್ಚಿ 40ರಿಂದ 60 ಸೆಕೆಂಡ್ ಕೈ ತೊಳೆಯಿರಿ. ಕೈಯಲ್ಲಿ ಕೊಳೆ ಇಲ್ಲದಿದ್ದರೆ ಸ್ಯಾನಿಟೈಸರ್ ಹಾಕಿ 20ರಿಂದ 30 ಸೆಕೆಂಡ್ ಉಜ್ಜಿದರೂ ಸಾಕು. ಉಂಗುರದ ಸಂದು, ಬಳೆಯ ಕೆಳಗೆ, ಉಗುರಿನ ತುದಿ ಮರೆಯಬೇಡಿ. ಬಾಣಂತಿಯ ಮಂಚದ ಮೇಲೆ ಕೂರುವುದು, ಊಟದ ಬ್ಯಾಗ್ ಇಡುವುದು ಬೇಡ. ಕೆಮ್ಮು, ಜ್ವರ ಇದ್ದವರು ಫೋನಿನಲ್ಲೇ ಮಾತಾಡಿಸಿ.

ಇನ್ನು ನಾವು ಹಿಂಜರಿಯುವ ಮಾತು. ಒಬ್ಬರ ಗಾಯ ಮುಟ್ಟಿದ ಗ್ಲೌಸ್‌ನಲ್ಲೇ ನರ್ಸ್ ಇನ್ನೊಬ್ಬರ ಹತ್ತಿರ ಬಂದರೆ? "ಏನಂದುಕೊಳ್ತಾರೋ" ಅಂತ ಸುಮ್ಮನಾಗಿಬಿಡುತ್ತೇವೆ. ಹಾಗೆ ಮಾಡಬೇಡಿ. "ಸಿಸ್ಟರ್, ಬೇಜಾರು ಮಾಡ್ಕೋಬೇಡಿ, ಗ್ಲೌಸ್ ಬದಲಾಯಿಸಿ, ಕೈ ತೊಳ್ಕೊಂಡು ಬರ್ತೀರಾ?" ಅಂತ ನಯವಾಗಿ ಕೇಳಿ. ಸಿರಿಂಜ್, ಸೂಜಿ ಹೊಸ ಪೊಟ್ಟಣದಿಂದ ತೆಗೆದದ್ದೇ ನೋಡಿ. ಡ್ರಿಪ್ ಹಾಕಿದ ಕೈ ಕೆಂಪಾಗಿ ಊದಿಕೊಂಡರೆ ತಕ್ಷಣ ಹೇಳಿ. ಕೆಲಸದ ಒತ್ತಡದಲ್ಲಿ ಅವರಿಗೂ ಮರೆವು ಸಹಜ, ನೆನಪಿಸುವುದು ಜಗಳವಲ್ಲ.

ಮನೆಗೆ ಬಂದ ಮೇಲೂ ಎಚ್ಚರ ಇರಲಿ. ಬಾಣಂತಿಗೆ ಜ್ವರ, ಹೊಲಿಗೆಯಲ್ಲಿ ಕೀವು, ವಾಸನೆಯ ಸ್ರಾವ ಕಂಡರೆ, ಕೂಸು ಹಾಲು ಕುಡಿಯದೆ ಮಂಕಾದರೆ ಕಷಾಯ ಕೊಡುತ್ತಾ ಕೂರಬೇಡಿ. ಅಂದೇ ಡಾಕ್ಟರಿಗೆ ತೋರಿಸಿ.

ಕೂಸಿನ ಕೈಗೆ ದುಡ್ಡಿಡುವುದು ನಮ್ಮ ಪದ್ಧತಿ. ಬಿಡುವುದು ಬೇಡ. ಆದರೆ ಹತ್ತಾರು ಕೈ ದಾಟಿ ಬಂದ ಆ ನೋಟನ್ನು ಕೂಸಿನ ಮುಷ್ಟಿಗಿಡುವ ಬದಲು ಅಜ್ಜಿಯ ಕೈಗೆ ಕೊಡಿ. ಅದು ನೇರ ಬಾಯಿಗೆ ಹೋಗುವ ಮುಷ್ಟಿ, ಅಲ್ಲವೇ?