ಡಿಕ್ರಿಯ ನಕಲು ನಿಮ್ಮಲ್ಲಿದೆಯೇ?

ಆರ್‌ಟಿಸಿಯನ್ನು ನಾವು ಕೃಷಿಕರು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಕಪಾಟಿನಲ್ಲಿಡುತ್ತೇವೆ. ಸೊಸೈಟಿ ಸಾಲಕ್ಕೆ ಬೇಕಲ್ಲ! ಅದೇ ಜಾಗದ ಮೇಲೆ ಹಿಂದೆ ನಡೆದ ದಾವೆಯ ತೀರ್ಪು ಎಲ್ಲಿದೆಯೆಂದು ಕೇಳಿ ನೋಡಿ. "ವಕೀಲರಲ್ಲಿ ಇರಬಹುದು" ಎನ್ನುತ್ತಾರೆ. ನಾನೂ ಹಾಗೇ ಹೇಳುತ್ತಿದ್ದವ.

ತೋಟಕ್ಕೆ ಹೋಗುವ ದಾರಿಗಾಗಿ ತಂದೆಯವರು 1983ರಲ್ಲಿ ದಾವೆ ಹೂಡಿದ್ದರು. ನಾಲ್ಕು ವರ್ಷ ಅಲೆದ ಮೇಲೆ ರಾಜಿ ಡಿಕ್ರಿಯಾಯಿತು, ಎಂಟಡಿ ದಾರಿ ಬಿಡುವುದೆಂದು. ನೆರೆಯವರು ಮಾತಿಗೆ ತಪ್ಪಲಿಲ್ಲ. ತಂದೆಯವರು ತೀರಿಕೊಂಡರು. ನೆರೆಯವರ ಮಕ್ಕಳು ಜಾಗ ಮಾರಿದರು. ಕೊಂಡವರು ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ತಂತಿಬೇಲಿ ಎಳೆದರು. ಬೋರ್ಡೋ ಬಿಡುವ ಹೊತ್ತು. ಪಂಪು, ಡ್ರಮ್ಮು, ಮೈಲುತುತ್ತು, ಸುಣ್ಣ ಎಲ್ಲ ತಲೆಹೊರೆಯಲ್ಲಿ ತೋಡು ದಾಟಿಸಬೇಕಾಯಿತು. "ಡಿಕ್ರಿ ಉಂಟು" ಎಂದೆ. "ತೋರಿಸಿ" ಎಂದರು. ತೋರಿಸಲಿಕ್ಕೆ ಏನಿತ್ತು? ನಮ್ಮ ವಕೀಲರೂ ಕಾಲವಾಗಿದ್ದರು, ಅವರ ಫೈಲುಗಳನ್ನು ಗೆದ್ದಲು ತಿಂದಿತ್ತು.

ಕೋರ್ಟಿನ ನಕಲು ವಿಭಾಗದಲ್ಲಿ ಮೊದಲು ಕೇಳಿದ್ದೇ ದಾವೆಯ ನಂಬ್ರ ಮತ್ತು ಇಸವಿ. ನಂಬ್ರ ಗೊತ್ತಿಲ್ಲ ಎಂದೆ. ಅವರು ಮತ್ತೆ ತಲೆ ಎತ್ತಲಿಲ್ಲ. ಅವರನ್ನು ದೂರಿ ಫಲವಿಲ್ಲ, ಕಟ್ಟುಗಳನ್ನು ಜೋಡಿಸಿಡುವುದೇ ನಂಬ್ರದ ಮೇಲೆ. ಕೊನೆಗೆ ಅದು ಸಿಕ್ಕಿದ್ದು ತಂದೆಯವರ ಅಡಿಕೆ ಲೆಕ್ಕದ ಪುಸ್ತಕದಲ್ಲಿ! 'ಓ.ಎಸ್.' ಎಂದು ಬರೆದು ನಂಬ್ರ, ಪಕ್ಕದಲ್ಲಿ ವಕೀಲರ ಫೀಸು. ಅರ್ಜಿ ಕೊಟ್ಟು ಒಂದೂವರೆ ತಿಂಗಳಿಗೆ ಡಿಕ್ರಿಯೂ ಅದರ ಜೊತೆಗಿದ್ದ ನಕ್ಷೆಯೂ ಕೈಗೆ ಬಂದವು. ಕಳೆದ ಮಳೆಗಾಲಕ್ಕೆ ಡ್ರಮ್ಮು ಪಿಕಪ್ಪಿನಲ್ಲೇ ಹೋಯಿತು.

ತೀರ್ಪು, ಡಿಕ್ರಿಗಳ ದೃಢೀಕೃತ ನಕಲನ್ನು ಪಕ್ಷಗಾರರಿಗೆ ಅವರ ಖರ್ಚಿನಲ್ಲಿ ಕೊಡಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ಇದು ಯಾರದೋ ಉಪಕಾರವಲ್ಲ. ದಾವೆಗೆ ಸಂಬಂಧಪಡದವರು, ಉದಾಹರಣೆಗೆ ಜಾಗ ಕೊಳ್ಳಹೊರಟವರು, ಏಕೆ ಬೇಕೆಂದು ಕಾರಣ ತೋರಿಸಿ ಅರ್ಜಿ ಹಾಕಬೇಕು. ಮಾಹಿತಿ ಹಕ್ಕಿನಲ್ಲಿ ಕೇಳಬಹುದಲ್ಲ ಎನ್ನುವವರಿದ್ದಾರೆ. ಗುಜರಾತ್ ಹೈಕೋರ್ಟಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಆ ಬಾಗಿಲು ಮುಚ್ಚಿದೆ: ಕೋರ್ಟಿನ ನಿಯಮಗಳಿರುವಾಗ ಅದರಂತೆಯೇ ಕೇಳಬೇಕು. ಡಿಕ್ಲರೇಶನ್ ಜಾಗದವರಿಗೆ ಒಂದು ಮಾತು. ಭೂನ್ಯಾಯ ಮಂಡಳಿಯ ಕಡತ ಸಿವಿಲ್ ಕೋರ್ಟಿನಲ್ಲಿ ಹುಡುಕಿದರೆ ಸಿಗದು, ತಾಲೂಕು ಕಚೇರಿಗೆ ಹೋಗಿ.

ಸೋತವರು ಅಂದೇ ನಕಲಿಗೆ ಅರ್ಜಿ ಕೊಡಬೇಕು. ಜಿಲ್ಲಾ ಕೋರ್ಟಿಗೆ ಅಪೀಲು ಹೋಗಲು ಇರುವುದು 30 ದಿನ. ನಕಲು ಪಡೆಯಲು ಹಿಡಿದ ದಿನಗಳನ್ನು ಅದರಿಂದ ಕಳೆಯುತ್ತಾರೆ. ಆದರೆ ಅರ್ಜಿ ಕೊಡದೆ ಮನೆಯಲ್ಲಿ ಕುಳಿತ ದಿನಗಳನ್ನಲ್ಲ. ಕೋರ್ಟಿಗೆ ಹಾಜರುಪಡಿಸಿದ ಮೂಲ ದಾಖಲೆಗಳನ್ನೂ ಅಪೀಲಿನ ಅವಧಿ ಮುಗಿದ ಮೇಲೆ ಕೇಳಿ ತನ್ನಿ. ಕಡತದ ಎಲ್ಲ ಕಾಗದಗಳನ್ನು ಅವರು ಎಂದೆಂದಿಗೂ ಇಟ್ಟುಕೊಳ್ಳುವುದಿಲ್ಲ.

ಈಗ ಇ-ಕೋರ್ಟ್ಸ್ ಆ್ಯಪಿನಲ್ಲಿ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿ, ಅಥವಾ ಪಕ್ಷಗಾರರ ಹೆಸರಿನಲ್ಲಿ, ದಾವೆ ಯಾವ ಹಂತದಲ್ಲಿದೆಯೆಂದು ಪುಕ್ಕಟೆ ನೋಡಬಹುದು. ಜಾಗ ಕೊಳ್ಳುವ ಮೊದಲು ಮಗನಿಗೋ ಮಗಳಿಗೋ ಹೇಳಿ ಹುಡುಕಿಸಿ. ಹಳೆಯ ದಾವೆಗಳೆಲ್ಲ ಅದರಲ್ಲಿ ಸಿಗುವುದಿಲ್ಲ. ಅದರಿಂದ ತೆಗೆದ ಪ್ರಿಂಟು ದೃಢೀಕೃತ ನಕಲೂ ಅಲ್ಲ.

ನನ್ನ ತಕರಾರು ಇಷ್ಟೇ. ನಕಲು ವಿಭಾಗದ ಹೊರಗೆ ಒಂದು ಕನ್ನಡ ಬೋರ್ಡು ಹಾಕಲು ಏನು ಕಷ್ಟ? ಅರ್ಜಿ ಹೇಗೆ, ಪುಟಕ್ಕೆ ಎಷ್ಟು, ಎಷ್ಟು ದಿನ ಎಂದು ನಾಲ್ಕು ಸಾಲು. ಅದಿಲ್ಲದೆ ನಾನು ಮೂರು ಸಲ ಬಸ್ಸು ಹತ್ತಿದೆ. ಇನ್ನು ಕೈಗೆ ಬಂದ ಡಿಕ್ರಿ ಇಂಗ್ಲಿಷಿನಲ್ಲಿ, ಓದಿಸಲು ಮತ್ತೊಬ್ಬರ ಮನೆಗೆ ಹೋಗಬೇಕಾಯಿತು. ಬೋರ್ಡು ಹಾಕಿಸಿ ಎಂದು ಕೋರ್ಟಿಗೆ ಪತ್ರ ಬರೆದಿದ್ದೇನೆ. ಉತ್ತರ ಬಂದರೆ ತಿಳಿಸುತ್ತೇನೆ.