ಕಾಂಕ್ರೀಟಿನ ಬಲ ನೀರಿನ ಲೆಕ್ಕದಲ್ಲಿದೆ

ಮನೆ ಕಟ್ಟಿಸುವವರು ಸಿಮೆಂಟಿನ ಬೆಲೆಯನ್ನೂ ಕಬ್ಬಿಣದ ತೂಕವನ್ನೂ ಎಚ್ಚರದಿಂದ ವಿಚಾರಿಸುತ್ತಾರೆ. ಆದರೆ ಕಾಂಕ್ರೀಟಿನ ಬಲಾಬಲವನ್ನು ಬಹುಮಟ್ಟಿಗೆ ನಿರ್ಧರಿಸುವ ವಸ್ತು ನೀರು. ಅದು ಎಲ್ಲಕ್ಕಿಂತ ಅಗ್ಗವಾದ್ದರಿಂದಲೇ ಅದರ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಸಿಮೆಂಟು, ಮರಳು, ಜಲ್ಲಿ, ನೀರು ಇವಿಷ್ಟೇ ಕಾಂಕ್ರೀಟಿನ ಮೂಲದ್ರವ್ಯಗಳು. ಸಾಮಾನ್ಯ ಮನೆಗಳ ತಾರಸಿಗೆ ಬಳಸುವ ಎಂ-20 ದರ್ಜೆಯಲ್ಲಿ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಎಂಬುದು ರೂಢಿಯ ಪ್ರಮಾಣ. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂಬುದು ತಪ್ಪು ಕಲ್ಪನೆ. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಸಂಯೋಗಗೊಂಡು ಮರಳು, ಜಲ್ಲಿಗಳನ್ನು ಬಂಧಿಸುತ್ತದೆ. ಈ ಕ್ರಿಯೆಗೆ ಸಿಮೆಂಟಿನ ತೂಕದ ಸುಮಾರು ಕಾಲು ಭಾಗದಷ್ಟು ನೀರು ಸಾಕು. ಉಳಿದದ್ದು ಮಿಶ್ರಣವನ್ನು ಹರಡುವ ಅನುಕೂಲಕ್ಕಾಗಿ. ಹೆಚ್ಚಾದ ನೀರು ಆವಿಯಾದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಅವುಗಳ ಮೂಲಕ ತೇವ ಇಳಿದು ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ನೀರು ಹೆಚ್ಚಿದಷ್ಟೂ ಬಲ ಕುಗ್ಗುತ್ತದೆಂಬುದನ್ನು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲೇ ನಿರೂಪಿಸಿದ್ದರು. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಎಂ-20 ದರ್ಜೆಗೆ ನೀರಿನ ಗರಿಷ್ಠ ಮಿತಿ ಸಿಮೆಂಟಿನ ತೂಕದ 0.55ರಷ್ಟು, ಅಂದರೆ 50 ಕಿಲೋ ಚೀಲಕ್ಕೆ 27.5 ಲೀಟರ್.

ಕಾಂಕ್ರೀಟು ಹಾಕಿದ ಮೇಲೆ ಮಾತ್ರ ನೀರನ್ನು ಧಾರಾಳವಾಗಿ ಉಣಿಸಬೇಕು: ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ 10 ದಿನ. ನಮ್ಮಲ್ಲಿ ನಡೆಯುವುದು ತೀರ ತಲೆಕೆಳಗು. ಕೆಲಸ ಸಲೀಸಾಗಲೆಂದು ಬೆರೆಸುವಾಗ ಬಕೆಟ್ಟುಗಟ್ಟಲೆ ಸುರಿಯುವವರೇ ಟ್ಯಾಂಕರ್ ನೀರಿನ ವೆಚ್ಚಕ್ಕೆ ಅಂಜಿ ಮೂರನೆಯ ದಿನಕ್ಕೆ ಕ್ಯೂರಿಂಗ್ ನಿಲ್ಲಿಸುತ್ತಾರೆ.

ಮಾರುವವನಿಗೆ ಗೊತ್ತಿರುವ ದೋಷ ಕೊಳ್ಳುವವನಿಗೆ ಕಾಣದಿದ್ದಲ್ಲಿ ಕಳಪೆ ಸರಕು ಒಳ್ಳೆಯದನ್ನು ಮಾರುಕಟ್ಟೆಯಿಂದ ಹೊರದೂಡುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ತೋರಿಸಿದರು. ಬಣ್ಣ ಬಳಿದ ಕಂಬದೊಳಗಿನ ಕಾಂಕ್ರೀಟು ಇದಕ್ಕೆ ತಕ್ಕ ನಿದರ್ಶನ. ನಾನು ಸೇವೆಯಲ್ಲಿದ್ದಾಗ ಕಂಡ ಅಂದಾಜುಪಟ್ಟಿಗಳಲ್ಲಿ ಕ್ಯೂರಿಂಗ್ ವೆಚ್ಚ ಕಾಂಕ್ರೀಟಿನ ದರದಲ್ಲೇ ಅಡಗಿರುತ್ತಿತ್ತು. ಶ್ರದ್ಧೆಯಿಂದ ಮಾಡಿದವನಿಗೆ ಖರ್ಚು, ಬಿಟ್ಟವನಿಗೆ ಉಳಿತಾಯ; ಬಿಲ್ಲು ಮಾತ್ರ ಇಬ್ಬರದೂ ಒಂದೇ.

ಪರಿಹಾರ ದುಬಾರಿಯೇನಲ್ಲ. ಸರ್ಕಾರಿ ಕಾಮಗಾರಿಗಳಲ್ಲಿ ಕ್ಯೂರಿಂಗ್‌ಗೆ ಪ್ರತ್ಯೇಕ ಬಾಬ್ತು ಇರಿಸಿ, ದಿನವಹಿ ದಾಖಲೆ ನೋಡಿದ ಮೇಲೆಯೇ ಹಣ ಪಾವತಿಸಬೇಕು. ಎಂ-20 ಎಂದರೆ 28ನೇ ದಿನ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಾಳುವ ಶಕ್ತಿ. ಕಾಂಕ್ರೀಟಿನ ಘನಗಳನ್ನು ಯಂತ್ರದಲ್ಲಿ ಒತ್ತಿ ಇದನ್ನು ಪರೀಕ್ಷಿಸುತ್ತಾರೆ. ಅಪಾರ್ಟ್‌ಮೆಂಟ್ ಮಾರುವಾಗ ಈ ವರದಿಯನ್ನು ಕ್ರಯಪತ್ರದೊಡನೆ ಕೊಡುವುದು ಕಡ್ಡಾಯವಾಗಲಿ. ಇದು ಲಂಚಕ್ಕೆ ಮತ್ತೊಂದು ದಾರಿ ಎಂಬ ಆಕ್ಷೇಪ ಬರಬಹುದು. ವರದಿ ಅಧಿಕಾರಿಯ ಕಡತಕ್ಕೆ ಹೋಗದೆ ಕೊಳ್ಳುವವನ ಕೈ ಸೇರಿದರೆ ಆ ಭಯ ಕಡಿಮೆ.

2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಮಡಿದಾಗ ತನಿಖೆಗೆ ಆದೇಶವಾಯಿತು. ಕುಸಿತಗಳಿಗೆ ಕಾರಣಗಳು ಹಲವು. ಆದರೆ ಕುಸಿದ ಮೇಲೆ ನಡೆಸುವ ತನಿಖೆಯ ಅಲ್ಪಭಾಗದಷ್ಟು ಶ್ರದ್ಧೆಯನ್ನು ಮೊದಲ 28 ದಿನಗಳಲ್ಲೇ ತೋರುವುದು ವಿವೇಕ.